ಪರಿಸರ ವಿಜ್ಞಾನ ಓದಿದರೆ ಮುಂದೇನು? ಪುಣೆ, ಮುಂಬೈ, ಗೋವಾದ ನಮ್ಮ ಮಕ್ಕಳಿಗಾಗಿ

ಪುಣೆಯಲ್ಲಿ ನಾವು ಬಚ್ಚಲಲ್ಲಿ ಚೆಲ್ಲಿದ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ಮೊದಲು ಮುಠಾ ನದಿಗೆ. ಊರೊಳಗೇ ಮುಠಾ ಮತ್ತು ಮುಳಾ ಒಂದಾಗುತ್ತವೆ. ಆಮೇಲೆ ದೌಂಡ್ ತಾಲೂಕಿನಲ್ಲಿ ಭೀಮೆಯನ್ನು ಸೇರುತ್ತವೆ. ಭೀಮೆ ಉಜನಿ ಜಲಾಶಯದಲ್ಲಿ ಸ್ವಲ್ಪ ನಿಂತು, ಪಂಢರಪುರ ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರಿನ ಹತ್ತಿರ ಕೃಷ್ಣೆಗೆ ಕೂಡುತ್ತದೆ. ಗಾಣಗಾಪುರದಲ್ಲಿ ದತ್ತನ ಭಕ್ತರು ಮುಳುಗು ಹಾಕುವುದು ಇದೇ ಭೀಮೆಯಲ್ಲಿ.

ಈಗ ಕೇಳಿ. ಪುಣೆಯ ಕೊಳಚೆ ಅಷ್ಟು ದೂರ ಹರಿಯುವಷ್ಟರಲ್ಲಿ ಎಷ್ಟು ತಿಳಿಯಾಗಿರುತ್ತದೆ? ಎಷ್ಟು ಉಳಿದಿರುತ್ತದೆ? ದಾರಿಯಲ್ಲಿ ಸೇರಿದ ಕಾರ್ಖಾನೆಗಳ ಪಾಲು ಎಷ್ಟು, ಹೊಲದ ಗೊಬ್ಬರದ ಪಾಲು ಎಷ್ಟು? ಇದನ್ನು ಸುಮ್ನೆ ಅಂದಾಜಿನಲ್ಲಿ ಹೇಳದೆ, ಅಳೆದು, ಲೆಕ್ಕ ಹಾಕಿ, ಕೋರ್ಟಿನಲ್ಲೂ ನಿಲ್ಲುವ ಹಾಗೆ ಹೇಳುವ ವಿದ್ಯೆಯೇ ಪರಿಸರ ವಿಜ್ಞಾನ.

ಮಗಳು ಹನ್ನೆರಡನೇ ಕ್ಲಾಸು ಮುಗಿಸಿ "ನಾನು ಪರಿಸರ ವಿಜ್ಞಾನ ಓದ್ತೀನಿ" ಅಂದರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, "ಗಿಡ ನೆಡೋದಕ್ಕೂ ಡಿಗ್ರಿ ಬೇಕೇನೇ?" ಎರಡನೆಯದು, "ಕೆಲಸ ಎಲ್ಲಿ ಸಿಗುತ್ತೆ?" ಎರಡನೆಯ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸರಿಯಾದ ಉತ್ತರ ಕೊಡುವವರು ಕಡಿಮೆ. ಕಾಲೇಜಿನವರು ಅವಕಾಶಗಳ ಪಟ್ಟಿ ಓದುತ್ತಾರೆ. ನೆಂಟರು ಹೆದರಿಸುತ್ತಾರೆ.

ನಾನು ಇಷ್ಟು ವರ್ಷ ಈ ಕ್ಷೇತ್ರವನ್ನು ಹತ್ತಿರದಿಂದ ನೋಡಿ ಅರ್ಥ ಮಾಡಿಕೊಂಡದ್ದು ಇಷ್ಟು: ನಮ್ಮ ದೇಶದಲ್ಲಿ ಪರಿಸರದ ಕೆಲಸಗಳು ಹೆಚ್ಚಿನವು ಹುಟ್ಟಿದ್ದು ಕಾನೂನುಗಳಿಂದ. ಒಂದೊಂದು ಕಾಯ್ದೆ ಬಂದಾಗಲೂ ಒಂದೊಂದು ಬಗೆಯ ಕೆಲಸ ಶುರುವಾಗಿದೆ. ಇದು ಗೊತ್ತಿದ್ದರೆ ಯಾವ ಕೋರ್ಸು, ಯಾವ ಕೆಲಸ ಅನ್ನೋದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ಬಿಎ, ಬಿಕಾಂ ಮಕ್ಕಳೂ ಕಡ್ಡಾಯವಾಗಿ ಬರೆಯುವ ಇವಿಎಸ್ (ಪರಿಸರ ಅಧ್ಯಯನ) ಪೇಪರ್ ಇದೆ ಅಲ್ವಾ, ಅದು ಬೇರೆ. ವಕೀಲ ಎಂ. ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಬಂದ ಪೇಪರ್ ಅದು. ಎಲ್ಲರಿಗೂ ತಿಳಿವಳಿಕೆ ಇರಲಿ ಅನ್ನುವುದಕ್ಕೆ. ಅದನ್ನು ಓದಿ "ಈ ವಿಷಯ ಸುಲಭ" ಅಂದುಕೊಂಡು ಎಂಎಸ್ಸಿಗೆ ಬಂದವರು ಮೊದಲ ಸೆಮಿಸ್ಟರಿನಲ್ಲೇ ಕೆಮಿಸ್ಟ್ರಿ ಮತ್ತು ಸ್ಟ್ಯಾಟಿಸ್ಟಿಕ್ಸ್ ನೋಡಿ ಗಾಬರಿಯಾಗುತ್ತಾರೆ.

ಒಂದು ಬಾಟಲಿ ನೀರಿನಲ್ಲಿ ಇರುವ ಪಾಠ

ಕ್ಲಾಸಿನಲ್ಲಿ ಏನು ಕಲಿಸುತ್ತಾರೆ ಅನ್ನೋದನ್ನು ಸಿಲೆಬಸ್ ಓದಿ ತಿಳಿಯುವುದು ಕಷ್ಟ. ಒಂದೇ ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ.

ನದಿ ದಡದಲ್ಲಿ 300 ಮಿಲಿಲೀಟರಿನ ಗಾಜಿನ ಬಾಟಲಿಗೆ ನೀರು ತುಂಬಬೇಕು. ಒಂದು ಗುಳ್ಳೆಯೂ ಒಳಗೆ ಇರಬಾರದು. ಇದ್ದರೆ ಗಾಳಿಯ ಆಮ್ಲಜನಕ ನೀರಿಗೆ ಸೇರಿ ಲೆಕ್ಕವೆಲ್ಲ ತಪ್ಪುತ್ತದೆ. ಅಲ್ಲೇ ನಿಂತು ಪಿಪೆಟ್ಟಿನಲ್ಲಿ ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಆಮೇಲೆ ಕ್ಷಾರ ಬೆರೆತ ಅಯೊಡೈಡ್ ದ್ರಾವಣ. ಮುಚ್ಚಳ ಹಾಕಿ ಬಾಟಲಿಯನ್ನು ಮೇಲೆ ಕೆಳಗೆ ಮಾಡಿದರೆ ಒಳಗೆ ಕಂದು ಬಣ್ಣದ ಚರಟ ಮೋಡದ ಹಾಗೆ ಏಳುತ್ತದೆ. ಕಂದು ಬಂದರೆ ನೀರಿನಲ್ಲಿ ಆಮ್ಲಜನಕ ಇದೆ. ಚರಟ ಬೆಳ್ಳಗೇ ಉಳಿದರೆ ಇಲ್ಲ. ಬೇಸಿಗೆಯಲ್ಲಿ ಊರ ಕೊಳಚೆ ತುಂಬಿದ ನೀರಿನ ಬಾಟಲಿಯಲ್ಲಿ ಆ ಬಿಳಿ ನೋಡಿದ ವಿದ್ಯಾರ್ಥಿಗೆ 'ಸತ್ತ ನದಿ' ಅನ್ನುವ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ಲ್ಯಾಬಿಗೆ ತಂದು ಆಸಿಡ್ ಹಾಕಿದರೆ ಕಂದು ಕರಗಿ ಹಳದಿ ಆಗುತ್ತದೆ. ಥಯೊಸಲ್ಫೇಟ್ ಹನಿ ಹನಿಯಾಗಿ ಬಿಟ್ಟು, ಹಳದಿ ತೆಳುವಾದಾಗ ಪಿಷ್ಟ ಸೇರಿಸಿದರೆ ನೀಲಿ. ಆ ನೀಲಿ ಮಾಯವಾಗುವ ಹನಿಗೆ ನಿಲ್ಲಿಸಿ ಲೆಕ್ಕ ಹಾಕಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಅಂತ ಗೊತ್ತಾಗುತ್ತದೆ. ಮೀನು ಬದುಕಿ ಮರಿ ಮಾಡಬೇಕಾದರೆ ಕನಿಷ್ಠ 4 ಇರಬೇಕು. ಸ್ನಾನದ ಘಟ್ಟದಲ್ಲಿ 5.

ಇದೇ ನೀರಿನ ಇನ್ನೊಂದು ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಕತ್ತಲಲ್ಲಿ ಇಟ್ಟು ಮತ್ತೆ ಅಳೆಯುತ್ತಾರೆ. ನೀರಿನಲ್ಲಿರುವ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಅಷ್ಟು ದಿನದಲ್ಲಿ ಎಷ್ಟು ಆಮ್ಲಜನಕ ಬಳಸಿತು ಅನ್ನೋದೇ ಬಿಒಡಿ. ಹಳೆಯ ಪುಸ್ತಕಗಳಲ್ಲಿ 20 ಡಿಗ್ರಿ, 5 ದಿನ ಅಂತ ಇರುತ್ತದೆ. ಅದು ತಣ್ಣನೆಯ ದೇಶಗಳ ಅಳತೆ. ನಮ್ಮ ಬಿಸಿಲಿಗೆ ಬ್ಯಾಕ್ಟೀರಿಯಾ ಬೇಗ ಕೆಲಸ ಮಾಡುತ್ತದೆ, ಅದಕ್ಕೇ 3 ದಿನ.

ಈಗ ಅಸಲಿ ವಿಷಯಕ್ಕೆ ಬನ್ನಿ. ಕಾರ್ಖಾನೆ ನದಿಗೆ ಬಿಡುವ ನೀರಿನ ಬಿಒಡಿ ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ಆದರೆ ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಅದು 3 ದಾಟಬಾರದು. 30ಕ್ಕೂ 3ಕ್ಕೂ ಹತ್ತು ಪಟ್ಟು ವ್ಯತ್ಯಾಸ! ನಡುವಿನ ಕೆಲಸ ನದಿಯದ್ದು. ಒಂದು ಪಾಲು ಬಿಟ್ಟ ನೀರಿಗೆ ಒಂಬತ್ತು ಪಾಲು ಒಳ್ಳೆಯ ನೀರು ಬೆರೆತರೆ ಹೆಚ್ಚುಕಡಿಮೆ 3ರ ಹತ್ತಿರ ಬರುತ್ತದೆ. ಮೇಲ್ಗಡೆ ಖಡಕ್‌ವಾಸಲಾ ಅಣೆಕಟ್ಟಿನಲ್ಲಿ ನೀರು ಹಿಡಿದಿಟ್ಟಿರುವಾಗ, ಏಪ್ರಿಲ್ ತಿಂಗಳಲ್ಲಿ, ಆ ಒಂಬತ್ತು ಪಾಲು ಎಲ್ಲಿಂದ ಬರಬೇಕು? ಎಲ್ಲರೂ ನಿಯಮ ಪಾಲಿಸಿದರೂ ನದಿ ಸಾಯಬಹುದು. ಕೆಮಿಸ್ಟ್ರಿ, ಜೀವಶಾಸ್ತ್ರ, ನೀರಿನ ಹರಿವು, ಸರಕಾರಿ ನಿಯಮ ನಾಲ್ಕೂ ಒಂದೇ ಬಾಟಲಿಯಲ್ಲಿ ಸೇರುತ್ತವೆ. ಈ ನಂಟು ಕಂಡು ಖುಷಿಯಾಗುವ ಮಗು ಈ ವಿಷಯ ಓದಬೇಕು.

ಒಂದೇ ನದಿ, ಬೇರೆ ಬೇರೆ ಡಿಗ್ರಿ

ಪರಿಸರ ವಿಜ್ಞಾನ, ಪರಿಸರ ಇಂಜಿನಿಯರಿಂಗ್, ಇಕಾಲಜಿ (ಜೀವಿಗಳಿಗೂ ಅವು ಬದುಕುವ ಜಾಗಕ್ಕೂ ಇರುವ ನಂಟಿನ ಓದು), ಪರಿಸರ ಕಾನೂನು. ಹೆಸರುಗಳು ಒಂದೇ ಥರ ಕೇಳಿಸುತ್ತವೆ. ಮಾಡುವ ಕೆಲಸ ಬೇರೆ.

ಮುಳಾ-ಮುಠಾವನ್ನೇ ತೆಗೆದುಕೊಳ್ಳಿ. ನೀರಿನಲ್ಲಿ ಏನಿದೆ, ಎಲ್ಲಿಂದ ಬಂತು, ಮುಂದೆ ಏನಾಗುತ್ತದೆ ಅಂತ ಹೇಳುವವರು ಪರಿಸರ ವಿಜ್ಞಾನದವರು. ಅದನ್ನು ಶುದ್ಧ ಮಾಡುವ ಘಟಕವನ್ನು (ಎಸ್‌ಟಿಪಿ) ಕಟ್ಟುವವರು ಇಂಜಿನಿಯರುಗಳು: ಟ್ಯಾಂಕು ಎಷ್ಟು ದೊಡ್ಡದಿರಬೇಕು, ಗಾಳಿ ಎಷ್ಟು ಊದಬೇಕು, ಕರೆಂಟು ಎಷ್ಟು. ಆ ಘಟಕದ ಒಳಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ನಾಳೆಯ ಹಾಲಿಗೆ ಇವತ್ತಿನ ಮೊಸರಲ್ಲೇ ಸ್ವಲ್ಪ ಹೆಪ್ಪಿಗೆ ತೆಗೆದಿಡುವ ಹಾಗೆ, ತಳಕ್ಕೆ ಕೂತ ಕೆಸರಿನಲ್ಲಿ ಒಂದಷ್ಟನ್ನು ಮತ್ತೆ ಟ್ಯಾಂಕಿಗೆ ಬಿಡುತ್ತಾರೆ. ಆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿದರೆ ಕಾರಣ ಹುಡುಕಲು ಮತ್ತೆ ವಿಜ್ಞಾನದವರೇ ಬೇಕು. ನದಿಯ ಕೆಸರು ತೆಗೆದು ಅದರೊಳಗಿನ ಹುಳುಗಳನ್ನು ಎಣಿಸುವವರು ಇಕಾಲಜಿಯವರು. ಕೆಸರಿನಲ್ಲಿ ಬರೀ ಕೆಂಪು ಹುಳುಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆ ಅಂತ ಅವರಿಗೆ ಬಾಟಲಿ ಇಲ್ಲದೆಯೇ ತಿಳಿಯುತ್ತದೆ. ಅಂದಿನ ಬಾಟಲಿ ಅಂದಿನ ನೀರನ್ನಷ್ಟೇ ಹೇಳುತ್ತದೆ, ಹುಳು ಹಿಂದಿನ ಹಲವು ವಾರಗಳ ಕಥೆ ಹೇಳುತ್ತದೆ. ಇನ್ನು ಇದೆಲ್ಲವನ್ನೂ ಹಿಡಿದು ಹಸಿರು ನ್ಯಾಯಮಂಡಳಿಯ ಮುಂದೆ ವಾದ ಮಾಡುವವರು ವಕೀಲರು. 2010ರ ಕಾಯ್ದೆಯಿಂದ ಬಂದ ಆ ಮಂಡಳಿಯ ಪಶ್ಚಿಮ ಪೀಠ ಇರುವುದು ಪುಣೆಯಲ್ಲೇ. ಮಹಾರಾಷ್ಟ್ರ, ಗೋವಾ, ಗುಜರಾತಿನ ದೂರುಗಳೆಲ್ಲ ಇಲ್ಲಿಗೇ ಬರುತ್ತವೆ.

ಕಾಯ್ದೆ ಬಂದ ಮೇಲೆ ಕೆಲಸ ಬಂತು

1974ರಲ್ಲಿ ಜಲ ಕಾಯ್ದೆ ಬಂತು. ದೇಶದ ಹೆಚ್ಚಿನ ಮಾಲಿನ್ಯ ನಿಯಂತ್ರಣ ಮಂಡಳಿಗಳು ಹುಟ್ಟಿದ್ದು ಅದರಿಂದ. 1981ರಲ್ಲಿ ವಾಯು ಕಾಯ್ದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಅನಿಲ ಸೋರಿ ಸಾವಿರಾರು ಜನ ಸತ್ತರು. ಆಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು.

ಇವುಗಳಿಂದ ಒಂದು ಸರಪಳಿ ಶುರುವಾಯಿತು. ಕಾರ್ಖಾನೆ ಕಟ್ಟಲು ಒಂದು ಒಪ್ಪಿಗೆ, ನಡೆಸಲು ಇನ್ನೊಂದು. ಒಪ್ಪಿಗೆ ಉಳಿಯಬೇಕಾದರೆ ಹೊಗೆ, ನೀರು, ಸದ್ದು ಎಲ್ಲವನ್ನೂ ಅಳೆಸಿ ವರದಿ ಕೊಡಬೇಕು. ಅಳೆಯುವ ಲ್ಯಾಬಿಗೆ ಮಾನ್ಯತೆ ಇರಬೇಕು. ಹಾಗಾಗಿ ಚಾಕಣ, ಪಿಂಪ್ರಿ-ಚಿಂಚವಡ, ತಳೋಜಾ, ತಾರಾಪುರ, ಗೋವಾದ ವೆರ್ಣಾ ಇಂಥ ಕೈಗಾರಿಕಾ ಪ್ರದೇಶಗಳ ಸುತ್ತ ಖಾಸಗಿ ಲ್ಯಾಬುಗಳಿಗೆ ಸದಾ ಕೆಲಸ. ಹೊಸದಾಗಿ ಎಂಎಸ್ಸಿ ಮುಗಿಸಿದವರಲ್ಲಿ ಬಹಳ ಜನ ಮೊದಲು ಕಾಲಿಡುವುದು ಇಲ್ಲಿಗೆ. ಸ್ಯಾಂಪಲ್ ತರಲು ಬೆಳಿಗ್ಗೆ ಬೇಗ ಹೊರಡಬೇಕು. ಚಿಮಣಿಯ ಏಣಿ ಹತ್ತಬೇಕು. ಗಾಳಿಯ ಪಿಎಂ 2.5 (ಅತಿ ಸಣ್ಣ ಧೂಳು) ಅಳೆಯುವ ಫಿಲ್ಟರನ್ನು 24 ಗಂಟೆ ಗಾಳಿ ಎಳೆಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸೂಕ್ಷ್ಮ ತಕ್ಕಡಿಯಲ್ಲಿ ತೂಗಬೇಕು. ಬೆರಳು ತಾಗಿದರೂ ತೂಕ ಕೆಡುತ್ತದೆ. ಶುರುವಿನ ಸಂಬಳ ಚಿಕ್ಕದು, ಇದನ್ನು ಮುಚ್ಚಿಡಬಾರದು. ಆದರೆ ಒಂದೆರಡು ವರ್ಷ ಕೈ ಪಳಗಿಸಿಕೊಂಡವರು ಮುಂದೆ ಯಾವ ವರದಿ ಓದಿದರೂ ಯಾವ ಅಂಕಿ ಸುಳ್ಳು ಅಂತ ಹಿಡಿಯಬಲ್ಲರು. ಆ ಕಣ್ಣು ಆಫೀಸಿನಲ್ಲಿ ಕೂತು ಬರುವುದಿಲ್ಲ. ನನ್ನ ಮನಸ್ಸಿಗೆ ಇದೇ ಒಳ್ಳೆಯ ಆರಂಭ.

ಎರಡನೆಯ ದೊಡ್ಡ ಬಾಗಿಲು ತೆರೆದದ್ದು ಇಐಎ, ಅಂದರೆ ಒಂದು ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಮುಂಚೆಯೇ ಅಂದಾಜು ಮಾಡುವ ಕ್ರಮ. 1994ರಲ್ಲಿ ಕಡ್ಡಾಯವಾಯಿತು, 2006ರಲ್ಲಿ ಹೊಸ ಅಧಿಸೂಚನೆ ಬಂತು. ಗಣಿ, ಅಣೆಕಟ್ಟು, ಹೆದ್ದಾರಿ ಎಲ್ಲ ಇದರಡಿ ಬರುತ್ತವೆ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡವೂ ಬರುತ್ತದೆ. ಮುಂಬೈ, ಪುಣೆಯಲ್ಲಿ ಅಂಥ ಕಟ್ಟಡಗಳಿಗೆ ಕೊರತೆಯೇ? ಅದಕ್ಕೇ ಇಲ್ಲಿ ಸಲಹಾ ಸಂಸ್ಥೆಗಳು ಜಾಸ್ತಿ.

ಗಣಿಯಂಥ ದೊಡ್ಡ ಯೋಜನೆಯಲ್ಲಿ ಸುತ್ತ 10 ಕಿಲೋಮೀಟರಿನ ಗಾಳಿ, ನೀರು, ಮಣ್ಣು, ಕಾಡು, ಜನಜೀವನ ಎಲ್ಲದರ ಈಗಿನ ಸ್ಥಿತಿ ದಾಖಲಿಸುತ್ತಾರೆ. ಯೋಜನೆ ಬಂದರೆ ಅದು ಹೇಗೆ ಬದಲಾಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಊರಿನವರ ಮುಂದೆ ಸಾರ್ವಜನಿಕ ಅಹವಾಲು. ಅದಕ್ಕೆ ವರದಿಯ ಸಾರಾಂಶ ಅಲ್ಲಿನ ಭಾಷೆಯಲ್ಲಿ ಇರಲೇಬೇಕು. ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ಕೊಂಕಣಿ, ಕಾಲೇಜಿನಲ್ಲಿ ಇಂಗ್ಲಿಷ್ ಆಡಿ ಬೆಳೆದವರು ಬೆಳಗಾವಿ, ಕಾರವಾರ, ಸೊಲ್ಲಾಪುರ ಕಡೆಯ ಯೋಜನೆಗಳಲ್ಲಿ ಹಳ್ಳಿಯ ಅಜ್ಜಿಯ ಜೊತೆ ಕೂತು ಬಾವಿಯ ನೀರಿನ ಬಗ್ಗೆ ಕೇಳಬಲ್ಲರು. ದುಭಾಷಿ ಇಟ್ಟುಕೊಂಡು ಕೇಳಿದರೆ ಬಾರದ ಉತ್ತರಗಳು ಹಾಗೆ ಬರುತ್ತವೆ. ಕನ್ನಡ ಓದಲು ಬರೆಯಲು ಮರೆಯಬೇಡಿ ಅಂತ ಮಕ್ಕಳಿಗೆ ಹೇಳಲು ಇದೂ ಒಂದು ಕಾರಣ.

ಈ ಕೆಲಸದಲ್ಲಿ ಮನಸ್ಸಿಗೆ ಕಷ್ಟ ಕೊಡುವ ಸಂಗತಿ ಒಂದಿದೆ. ವರದಿ ಬರೆಸುವುದು ಯೋಜನೆಯ ಮಾಲೀಕ, ದುಡ್ಡು ಕೊಡುವುದೂ ಅವನೇ. ಒಂದು ಕಡೆಯ ವರದಿಯನ್ನು ಇನ್ನೊಂದಕ್ಕೆ ನಕಲು ಮಾಡಿ ಸಿಕ್ಕಿಬಿದ್ದವರಿದ್ದಾರೆ. ಕೆಲಸಕ್ಕೆ ಸೇರುವ ಮೊದಲು ಆ ಸಂಸ್ಥೆಯ ಹಳೆಯ ವರದಿಗಳನ್ನು ಕೇಂದ್ರ ಸರಕಾರದ ಪರಿವೇಶ್ ಪೋರ್ಟಲಿನಲ್ಲಿ ಹುಡುಕಿ ಓದಿ. ಹೆಸರು ಉಳಿಸಿಕೊಂಡ ಸಂಸ್ಥೆ ಯಾವುದು ಅಂತ ಓದಿದಾಗಲೇ ಗೊತ್ತಾಗುತ್ತದೆ.

ಕಾರ್ಖಾನೆಗಳ ಒಳಗಿನ ಕೆಲಸಕ್ಕೆ ಇಎಚ್‌ಎಸ್ ಅನ್ನುತ್ತಾರೆ: ಪರಿಸರ, ಆರೋಗ್ಯ, ಸುರಕ್ಷತೆ ಮೂರೂ ಒಬ್ಬರ ತಲೆಯ ಮೇಲೆ. ಬಿಎಸ್ಸಿ ಜೊತೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಇದ್ದರೆ ಇಲ್ಲಿ ಬೇಗ ಕೆಲಸ ಸಿಗುತ್ತದೆ.

ತೀರಾ ಈಚಿನ ಬಾಗಿಲು ತೆರೆದದ್ದು ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ. ಷೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು 2022-23ರಿಂದ ತಮ್ಮ ಪರಿಸರದ ಲೆಕ್ಕವನ್ನೂ ವರ್ಷವರ್ಷ ಒಪ್ಪಿಸಬೇಕು. ನೀರು ಎಷ್ಟು ಬಳಸಿದಿರಿ, ಕಸ ಎಷ್ಟು, ಇಂಗಾಲ ಎಷ್ಟು? ಇಂಗಾಲದ ಲೆಕ್ಕದಲ್ಲಿ ಮೂರು ಮೆಟ್ಟಿಲು. ತಮ್ಮ ಬಾಯ್ಲರ್, ಲಾರಿಗಳಲ್ಲಿ ಸುಟ್ಟದ್ದು ಮೊದಲನೆಯದು. ಕೊಂಡ ವಿದ್ಯುತ್ತಿನ ಹಿಂದೆ ಎಲ್ಲೋ ಸುಟ್ಟ ಕಲ್ಲಿದ್ದಲು ಎರಡನೆಯದು. ಸರಕು ಕೊಟ್ಟವರು, ಕೊಂಡವರು ಸುಟ್ಟದ್ದು ಮೂರನೆಯದು. ಬಹಳ ಕಂಪನಿಗಳಲ್ಲಿ ಮೂರನೆಯದೇ ದೊಡ್ಡದು, ಕಷ್ಟವೂ ಅದೇ. ಬಹಳಷ್ಟು ಕಂಪನಿಗಳ ಮುಖ್ಯ ಕಚೇರಿಗಳು ಮುಂಬೈಯಲ್ಲಿ ಇರುವುದರಿಂದ ಈ ಕೆಲಸಗಳೂ ಅಲ್ಲೇ ಜಾಸ್ತಿ. ಸಂಬಳ ಚೆನ್ನಾಗಿದೆ, ಎಸಿ ಆಫೀಸು. ಆದರೆ ಎಂಬಿಎ, ಸಿಎ ಮಾಡಿದವರ ಜೊತೆ ಸ್ಪರ್ಧೆ. ವಿಜ್ಞಾನ ಓದಿದವರಿಗೆ ಅಲ್ಲಿ ಬೆಲೆ ಬರುವುದು ಅಂಕಿ ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸದಿಂದ.

ಎಲ್ಲಿ ಓದುವುದು, ಯಾರ ಹತ್ತಿರ ಕಲಿಯುವುದು

ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗ ಇದೆ. ಭಾರತಿ ವಿದ್ಯಾಪೀಠದ್ದು ಇದಕ್ಕೆಂದೇ ಪ್ರತ್ಯೇಕ ಸಂಸ್ಥೆ ಇದೆ. ಪುಣೆಯ ನಿಜವಾದ ಆಸ್ತಿ ಮಾತ್ರ ಸುತ್ತ ಇರುವ ಸಂಶೋಧನಾ ಸಂಸ್ಥೆಗಳು. ಪಾಷಾಣ್ ಬಡಾವಣೆಯ ಐಐಟಿಎಂ (ಉಷ್ಣವಲಯದ ಹವಾಮಾನ ಸಂಸ್ಥೆ) ಮಾನ್ಸೂನ್ ಅಧ್ಯಯನ ಮಾಡುತ್ತದೆ. ನಗರಗಳ ಗಾಳಿ ನಾಳೆ ಹೇಗಿರುತ್ತದೆ ಅಂತ ಹೇಳುವ ಸಫರ್ ವ್ಯವಸ್ಥೆ ಕಟ್ಟಿದ್ದೂ ಇದೇ ಸಂಸ್ಥೆ. ಸಸ್ಯ ಸರ್ವೇಕ್ಷಣೆ, ಪ್ರಾಣಿ ಸರ್ವೇಕ್ಷಣೆ ಎರಡರ ಪಶ್ಚಿಮ ಕೇಂದ್ರಗಳೂ ಪುಣೆಯಲ್ಲಿವೆ. ಎಂಎಸ್ಸಿಯ ಪ್ರಾಜೆಕ್ಟನ್ನು ಕಾಲೇಜಿನ ಗೋಡೆಯೊಳಗೆ ಮುಗಿಸದೆ ಇಂಥ ಕಡೆ ಮಾಡಲು ಪ್ರಯತ್ನ ಪಡಬೇಕು. ಮಾರ್ಕ್ಸ್‌ಕಾರ್ಡಿಗಿಂತ ಆ ಆರು ತಿಂಗಳು ಹೆಚ್ಚು ಕೆಲಸಕ್ಕೆ ಬರುತ್ತದೆ.

ಮುಂಬೈಯ ಐಐಟಿಯಲ್ಲಿ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿಭಾಗ ಇದೆ. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಈ ವಿಷಯಕ್ಕೇ ಒಂದು ಪೇಪರ್ ಬಂದಿದೆ. ಹಕ್ಕಿ, ಕೀಟ, ಕಾಡು ಅಂದರೆ ಪ್ರೀತಿ ಇದ್ದವರಿಗೆ 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದೆ. ಅವರ ಚಿಕ್ಕ ಕೋರ್ಸುಗಳನ್ನು ಬೇರೆ ಡಿಗ್ರಿ ಓದುತ್ತಲೂ ಮಾಡಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಅದಾದ ಮೇಲೆ ನಗರದ ನೆರೆ, ಬಿಸಿ, ಹವಾಮಾನ ಓದುವವರಿಗೆ ಬೇಡಿಕೆ ಬಂತು. 2022ರಲ್ಲಿ ಮುಂಬೈ ಪಾಲಿಕೆ ಹವಾಮಾನ ಕ್ರಿಯಾ ಯೋಜನೆಯನ್ನೂ ಹೊರತಂದಿತು.

ಗೋವಾದ ಪಾಲು ಸಮುದ್ರ. 1966ರಲ್ಲಿ ಶುರುವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ದೋನಾ ಪಾವ್ಲಾದಲ್ಲಿದೆ, ಗೋವಾ ವಿಶ್ವವಿದ್ಯಾಲಯದಲ್ಲಿ ಸಾಗರ ವಿಜ್ಞಾನ ಕಲಿಸುತ್ತಾರೆ. ವಾಸ್ಕೊದಲ್ಲಿ ಧ್ರುವ ಸಂಶೋಧನಾ ಕೇಂದ್ರ. ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ಠಾಣೆಗಳನ್ನು ನೋಡಿಕೊಳ್ಳುವುದು ಇಲ್ಲಿಂದಲೇ. ವಾಸ್ಕೊದಲ್ಲಿ ಎಷ್ಟೊಂದು ಕನ್ನಡದ ಕುಟುಂಬಗಳಿವೆ! ಆ ಮನೆಗಳ ಮಕ್ಕಳಿಗೆ ಈ ಕೇಂದ್ರದ ವಿಷಯ ಯಾರಾದರೂ ಹೇಳಬೇಕು. ಕರ್ನಾಟಕಕ್ಕೇ ವಾಪಸ್ ಹೋಗಿ ಓದುವ ಮನಸ್ಸಿದ್ದರೆ ಮೈಸೂರು, ಬೆಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿ ಇದೆ.

ಎಲ್ಲಿ ಓದಿದರೂ ಒಂದು ಕಷ್ಟ ಎಲ್ಲರಿಗೂ ಇದೆ. ಈ ಡಿಗ್ರಿಯಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ, ಯಾವುದೂ ಪೂರ್ತಿ ಬರುವುದಿಲ್ಲ. ಕಂಪನಿಯವರು ಕೇಳುವುದು "ನಿಮಗೆ ಏನು ಮಾಡೋಕೆ ಬರುತ್ತೆ?" ಅಂತ. ಅದಕ್ಕೆ ಒಂದೇ ಒಂದು ಗಟ್ಟಿ ಉತ್ತರ ಬೇಕು. ನೀರಿನ ಪರೀಕ್ಷೆ, ಗಾಳಿಯ ಮಾಡೆಲಿಂಗ್, ಗಿಡ ಗುರುತಿಸುವುದು, ಇಂಗಾಲದ ಲೆಕ್ಕ, ಜಿಐಎಸ್ (ಕಂಪ್ಯೂಟರಿನಲ್ಲಿ ಸ್ಥಳದ ಮಾಹಿತಿ ಸೇರಿಸಿ ಮಾಡುವ) ನಕ್ಷೆ, ಇವುಗಳಲ್ಲಿ ಯಾವುದಾದರೂ ಸರಿ. ಜಿಐಎಸ್ ಕಲಿಯಲು ದುಡ್ಡು ಸುರಿಯಬೇಕಾಗಿಲ್ಲ. ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಇಸ್ರೋದ ಡೆಹ್ರಾಡೂನ್ ಸಂಸ್ಥೆ ಆನ್‌ಲೈನಿನಲ್ಲಿ ಪುಕ್ಕಟೆ ಕೋರ್ಸು ನಡೆಸುತ್ತದೆ.

ಸರಕಾರಿ ಕೆಲಸದ ಆಸೆ ಇದ್ದವರು ಇದನ್ನು ಗಮನವಿಟ್ಟು ಓದಿ. ಕಾಲೇಜು ಸೇರುವ ಮೊದಲೇ ತಿಳಿದಿರಬೇಕಾದ ಮಾತು ಇದು. ಮಾಲಿನ್ಯ ಮಂಡಳಿಗಳಲ್ಲಿ ಹಲವು ಹುದ್ದೆಗಳು ಇಂಜಿನಿಯರುಗಳಿಗೇ ಮೀಸಲು, ಲ್ಯಾಬಿನ ಹುದ್ದೆಗಳಿಗೆ ಎಂಎಸ್ಸಿ ಕೇಳುತ್ತಾರೆ. ಹಳೆಯ ನೇಮಕಾತಿ ಪ್ರಕಟಣೆಗಳನ್ನು ತೆಗೆದು ವಿದ್ಯಾರ್ಹತೆಯ ಸಾಲನ್ನು ಓದಿ. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯವಾಗಿಯೇ ಇದೆ. ಆದರೆ ಭಾರತೀಯ ಅರಣ್ಯ ಸೇವೆಗೆ ಯುಪಿಎಸ್‌ಸಿ ಒಪ್ಪುವ ಪದವಿ ವಿಷಯಗಳ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಪಶುವೈದ್ಯಕೀಯ ಇವುಗಳಲ್ಲಿ ಒಂದಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಇಂಜಿನಿಯರಿಂಗ್ ಪದವಿ ಇರಬೇಕು. ಕಾಡಿನ ಆಸೆಗೆ ಪರಿಸರ ವಿಜ್ಞಾನವೊಂದನ್ನೇ ಹಿಡಿದ ಮಕ್ಕಳಿಗೆ ಇದು ತಡವಾಗಿ ಗೊತ್ತಾಗಿ ತುಂಬಾ ನೋವಾಗುತ್ತದೆ. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಅಥವಾ ರಸಾಯನಶಾಸ್ತ್ರ ಇಟ್ಟುಕೊಂಡು, ಎಂಎಸ್ಸಿಯಲ್ಲಿ ಪರಿಸರ ವಿಜ್ಞಾನ ತೆಗೆದುಕೊಂಡರೆ ಎರಡೂ ದಾರಿ ತೆರೆದಿರುತ್ತವೆ. ಅರ್ಜಿ ತುಂಬುವ ದಿನವೇ ಕಾಲೇಜಿನ ಕೌಂಟರಿನಲ್ಲಿ ಕೇಳಿ: ಈ ಕೋರ್ಸಿನ ಮಾರ್ಕ್ಸ್‌ಕಾರ್ಡಿನಲ್ಲಿ ಯಾವ ಯಾವ ವಿಷಯದ ಹೆಸರು ಅಚ್ಚಾಗಿ ಬರುತ್ತದೆ?